ಎಫ್.ಎಂ. ಬಾನುಲಿಯಲ್ಲಿ ಅಡಗಿ ಬರುವ ಅಂಕಿ-ಅಕ್ಷರಗಳನ್ನು ಬೇರ್ಪಡಿಸುವ ಕ್ರಮ

ಹೊಲದ ಶೆಡ್ಡಿನಲ್ಲಿ, ಟ್ರ್ಯಾಕ್ಟರಿನ ಮೇಲೆ, ಅಡಿಗೆ ಮನೆಯಲ್ಲಿ ಎಫ್.ಎಂ. ಬಾನುಲಿ ಕೇಳುವುದು ಇಂದು ಸಾಮಾನ್ಯ ಸಂಗತಿ. ಕಾರು ಅಥವಾ ಜೀಪಿನ ರೇಡಿಯೋದಲ್ಲಿ ಕೇಂದ್ರ ಹಿಡಿದಾಗ ಕೆಲವು ಸಲ ಅದರ ಸಣ್ಣ ಗಾಜಿನ ಮೇಲೆ ಕೇಂದ್ರದ ಹೆಸರೂ ಹಾಡಿನ ಹೆಸರೂ ಮೂಡುವುದನ್ನು ಅನೇಕರು ನೋಡಿರಬಹುದು. ಈ ಅಕ್ಷರಗಳು ಟೆಲಿಫೋನಿನಿಂದ ಬಂದವಲ್ಲ, ಇಂಟರ್‌ನೆಟ್ಟಿನಿಂದ ಬಂದವೂ ಅಲ್ಲ. ಹಾಡನ್ನು ಹೊತ್ತು ತಂದ ಅಲೆಯೇ ಅವನ್ನೂ ಹೊತ್ತು ತಂದಿರುತ್ತದೆ. ಕಿವಿಗೆ ಕೇಳದ ಈ ಮಾಹಿತಿಯನ್ನು ಹೇಗೆ ಬೇರ್ಪಡಿಸಬಹುದು, ಬೇಸಾಯಗಾರರಿಗೆ ಇದರಿಂದ ಏನು ಉಪಯೋಗ, ಎಲ್ಲಿ ಎಚ್ಚರ ವಹಿಸಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ. ಗ್ರಾಮಾಂತರ ವಿಜ್ಞಾನ ಸಂಘಗಳು, ಸಮುದಾಯ ಬಾನುಲಿ ನಡೆಸುವವರು ಮತ್ತು ಓದುತ್ತಿರುವ ರೈತರ ಮಕ್ಕಳು ಇದನ್ನು ಸ್ವತಃ ಮಾಡಿ ನೋಡಬಹುದು.

ಅಕ್ಕಡಿ ಸಾಲಿನಂತೆ

ರಾಗಿ ಹೊಲದಲ್ಲಿ ಅವರೆ, ಜೋಳಗಳನ್ನು ಅಕ್ಕಡಿ ಸಾಲುಗಳಾಗಿ ಬಿತ್ತುವ ಪದ್ಧತಿ ರೈತರಿಗೆ ತಿಳಿದೇ ಇದೆ. ಹೊಲ ಒಂದೇ, ಮಳೆ ಒಂದೇ, ಬೆಳೆ ಮಾತ್ರ ಬೇರೆ ಬೇರೆ. ಸಾಲು ತಪ್ಪದಿದ್ದರೆ ಒಂದರಿಂದ ಇನ್ನೊಂದಕ್ಕೆ ಬಾಧೆ ಇಲ್ಲ, ಕೊಯ್ಲಿನ ಕಾಲಕ್ಕೆ ಬೇರೆ ಬೇರೆಯಾಗಿ ತೆಗೆಯಬಹುದು. ಎಫ್.ಎಂ. ಕೇಂದ್ರದ ಸಂಕೇತವೂ ಹೀಗೆಯೇ. ಒಂದೇ ವಾಹಕ ಅಲೆಯ ಮೇಲೆ ಕಂಪನಾಂಕದ ಲೆಕ್ಕದಲ್ಲಿ ಈ ಕೆಳಗಿನ ಸಾಲುಗಳಿರುತ್ತವೆ:

1. ಸೊನ್ನೆಯಿಂದ 15 ಕಿಲೋ ಹರ್ಟ್ಸ್‌ವರೆಗೆ: ಎಡ ಮತ್ತು ಬಲ ಧ್ವನಿಗಳ ಮೊತ್ತ. ಸಾಧಾರಣ ರೇಡಿಯೋ ಕೇಳಿಸುವುದು ಇದನ್ನೇ.
2. 19 ಕಿಲೋ ಹರ್ಟ್ಸ್‌ನಲ್ಲಿ: ಪೈಲಟ್ ಸ್ವರ. ಇದು ಸ್ಟೀರಿಯೋ ಪ್ರಸಾರದ ಗುರುತು.
3. 23ರಿಂದ 53 ಕಿಲೋ ಹರ್ಟ್ಸ್‌ವರೆಗೆ: ಎಡ-ಬಲ ಧ್ವನಿಗಳ ವ್ಯತ್ಯಾಸ.
4. 57 ಕಿಲೋ ಹರ್ಟ್ಸ್‌ನಲ್ಲಿ: ಅಂಕಿ-ಅಕ್ಷರಗಳ ಸಾಲು. ಇದಕ್ಕೆ ಆರ್.ಡಿ.ಎಸ್. ಎಂದು ಹೆಸರು.

57 ಎಂಬುದು 19ರ ಮೂರು ಪಟ್ಟು ಎಂಬುದನ್ನು ಗಮನಿಸಬೇಕು. ಮುಂದೆ ಇದು ಉಪಯೋಗಕ್ಕೆ ಬರುತ್ತದೆ. ಪೂರ್ಣ ಪ್ರಸಾರವು ವಾಹಕ ಅಲೆಯನ್ನು 75 ಕಿಲೋ ಹರ್ಟ್ಸ್‌ನಷ್ಟು ಅತ್ತಿತ್ತ ತೂಗಿಸಿದರೆ, ಅದರಲ್ಲಿ ಆರ್.ಡಿ.ಎಸ್.ನ ಪಾಲು ಸಾಧಾರಣವಾಗಿ 2 ಕಿಲೋ ಹರ್ಟ್ಸ್ ಮಾತ್ರ. ಪಾಲು ಇಷ್ಟು ಸಣ್ಣದಾದ್ದರಿಂದ ಕೇಳುವವರಿಗೆ ತೊಂದರೆ ಇಲ್ಲ. ಆದರೆ ಅದೇ ಕಾರಣಕ್ಕೆ ಅದನ್ನು ಹಿಡಿಯಲು ಸ್ವಲ್ಪ ಜಾಣ್ಮೆ ಬೇಕು.

ಬೇಸಾಯಕ್ಕೆ ಬಳಸಿದ ಉದಾಹರಣೆಗಳು

ಪಶ್ಚಿಮ ಜರ್ಮನಿಯಲ್ಲಿ 1974ರಲ್ಲಿ ವಾಹನ ಚಾಲಕರಿಗೆ ರಸ್ತೆಯ ಸುದ್ದಿ ತಿಳಿಸುವ ಸಲುವಾಗಿ ಇದೇ 57 ಕಿಲೋ ಹರ್ಟ್ಸ್ ಜಾಗದಲ್ಲಿ ಒಂದು ಗುರುತಿನ ಸಂಕೇತವನ್ನು ಕಳುಹಿಸುವ ಏರ್ಪಾಡು ಆಯಿತು. ಯುರೋಪಿಯನ್ ಬಾನುಲಿ ಸಂಸ್ಥೆಗಳ ಒಕ್ಕೂಟವು 1984ರಲ್ಲಿ ಆರ್.ಡಿ.ಎಸ್. ನಿಯಮಾವಳಿಯನ್ನು ಪ್ರಕಟಿಸಿತು. 1987ರಲ್ಲಿ ಬ್ರಿಟನ್ನಿನ ಬಿ.ಬಿ.ಸಿ. ಇದನ್ನು ಬಳಕೆಗೆ ತಂದಿತು.

ಅಮೆರಿಕದಲ್ಲಿ ಇದಕ್ಕೆ ಹತ್ತಿರದ ಇನ್ನೊಂದು ವಿಧಾನವು ನೇರವಾಗಿ ರೈತರ ಮನೆಗೇ ಹೋಯಿತು. ನೆಬ್ರಾಸ್ಕಾ ರಾಜ್ಯದ ಒಮಾಹಾ ನಗರದಲ್ಲಿ 1984ರಲ್ಲಿ ಆರಂಭವಾದ ಡಿ.ಟಿ.ಎನ್. ಎಂಬ ಸೇವೆಯು ಧಾನ್ಯ ಮತ್ತು ಜಾನುವಾರು ಪೇಟೆಯ ಧಾರಣೆಗಳನ್ನು ಎಫ್.ಎಂ. ಕೇಂದ್ರಗಳ ಪಕ್ಕದ ಸಾಲಿನಲ್ಲಿ ಕಳುಹಿಸುತ್ತಿತ್ತು. ರೈತನ ಮನೆಯ ಪೆಟ್ಟಿಗೆ ಅದನ್ನು ಹಿಡಿದು ಪರದೆಯ ಮೇಲೆ ತೋರಿಸುತ್ತಿತ್ತು. ಪೇಟೆಯ ಧಾರಣೆ ದಲ್ಲಾಳಿಗೆ ಮೊದಲು, ಬೆಳೆದವನಿಗೆ ಕೊನೆಗೆ ತಿಳಿಯುವುದು ಎಲ್ಲ ದೇಶಗಳ ಹಳೆಯ ದೂರು. ಗಾಡಿ ಕಟ್ಟುವ ಮೊದಲೇ ಧಾರಣೆ ಗೊತ್ತಿದ್ದರೆ, ಮಾರುವುದೋ ತಡೆಯುವುದೋ ಎಂಬ ತೀರ್ಮಾನ ಬೆಳೆದವನ ಕೈಯಲ್ಲೇ ಉಳಿಯುತ್ತದೆ. ಈ ಸೇವೆ ಮುಂದೆ ಉಪಗ್ರಹದ ದಾರಿ ಹಿಡಿಯಿತು.

ಎರಡನೆಯ ಉದಾಹರಣೆ ಜಿ.ಪಿ.ಎಸ್. ತಿದ್ದುಪಡಿಯದು. 2000ನೇ ಇಸವಿ ಮೇ ತಿಂಗಳವರೆಗೆ ಅಮೆರಿಕ ಸರ್ಕಾರವು ಸಾರ್ವಜನಿಕರ ಜಿ.ಪಿ.ಎಸ್. ಸಂಕೇತದಲ್ಲಿ ಬೇಕೆಂದೇ ತಪ್ಪು ಸೇರಿಸುತ್ತಿತ್ತು. ಸ್ಥಾನ ಸುಮಾರು 100 ಮೀಟರಿನಷ್ಟು ತಪ್ಪಬಹುದಾಗಿತ್ತು. ಹೊಲದ ಯಾವ ಭಾಗದಲ್ಲಿ ಎಷ್ಟು ಇಳುವರಿ ಬಂತೆಂದು ನಕ್ಷೆ ಮಾಡುವ ಕೊಯ್ಲು ಯಂತ್ರಕ್ಕೆ ಇದರಿಂದ ಪ್ರಯೋಜನವಿರಲಿಲ್ಲ. ಸ್ಥಾನ ನಿಖರವಾಗಿ ತಿಳಿದ ಜಾಗದಲ್ಲಿ ಒಂದು ಗ್ರಾಹಕವನ್ನಿಟ್ಟು, ಅದು ಕಂಡ ತಪ್ಪನ್ನು ಎಫ್.ಎಂ. ಮೂಲಕ ಸುತ್ತಲ ಯಂತ್ರಗಳಿಗೆ ತಿಳಿಸಿದಾಗ ತಪ್ಪು ಕೆಲವೇ ಮೀಟರಿಗೆ ಇಳಿಯಿತು. 1990ರ ದಶಕದಲ್ಲಿ ಅಮೆರಿಕದಲ್ಲಿಯೂ ಜರ್ಮನಿಯಲ್ಲಿಯೂ ಇಂಥ ಸೇವೆಗಳಿದ್ದವು. ಈಗ ಇಂಥ ತಿದ್ದುಪಡಿ ಉಪಗ್ರಹದಿಂದಲೇ ದೊರೆಯುತ್ತದೆ. ಭಾರತದಲ್ಲಿ ಗಗನ್ ವ್ಯವಸ್ಥೆ ಇದೇ ಕೆಲಸಕ್ಕೆ ಇದೆ.

ಬೇರ್ಪಡಿಸುವ ಹಂತಗಳು

ಹಂತ 1: ಕೂಡು ಸಂಕೇತ ಪಡೆಯುವುದು. ಗ್ರಾಹಕವು ಎಫ್.ಎಂ. ಅಲೆಯನ್ನು ಬಿಡಿಸಿದ ಕೂಡಲೇ ಮೇಲೆ ಹೇಳಿದ ನಾಲ್ಕೂ ಸಾಲುಗಳು ಒಟ್ಟಾಗಿ ದೊರೆಯುತ್ತವೆ. ಸಂಕೇತವನ್ನು ಇಲ್ಲಿಯೇ ತೆಗೆದುಕೊಳ್ಳಬೇಕು. ಹೆಡ್‌ಫೋನ್ ರಂಧ್ರದಿಂದ ತೆಗೆದರೆ ಪ್ರಯೋಜನವಿಲ್ಲ. ಏಕೆಂದರೆ ಅಲ್ಲಿಗೆ ಬರುವಷ್ಟರಲ್ಲಿ ರೇಡಿಯೋ 15 ಕಿಲೋ ಹರ್ಟ್ಸ್‌ಗಿಂತ ಮೇಲಿನದನ್ನೆಲ್ಲ ಸೋಸಿ ಎಸೆದಿರುತ್ತದೆ. ಮೊದಲ ಬಾರಿ ಪ್ರಯತ್ನಿಸುವವರು ಎಡವುವುದು ಸಾಮಾನ್ಯವಾಗಿ ಇಲ್ಲಿಯೇ. ಕಂಪ್ಯೂಟರಿನಲ್ಲಿ ಮಾಡುವುದಾದರೆ ಸೆಕೆಂಡಿಗೆ 1,20,000ಕ್ಕಿಂತ ಹೆಚ್ಚು ಮಾದರಿಗಳನ್ನು ತೆಗೆಯಬೇಕು. 1,71,000 ಅನುಕೂಲವಾದ ಸಂಖ್ಯೆ. ಇದು 57,000ದ ಮೂರು ಪಟ್ಟು.

ಹಂತ 2: ಜರಡಿ ಹಿಡಿಯುವುದು. 57 ಕಿಲೋ ಹರ್ಟ್ಸ್‌ನ ಆಚೆ ಈಚೆ ಸುಮಾರು 2.4 ಕಿಲೋ ಹರ್ಟ್ಸ್ ಅಗಲದ ಭಾಗವನ್ನು ಉಳಿಸಿಕೊಂಡು ಮಿಕ್ಕದ್ದನ್ನು ತೆಗೆದುಹಾಕಬೇಕು.

ಹಂತ 3: ವಾಹಕವನ್ನು ಮರಳಿ ಕಟ್ಟುವುದು. ಶಕ್ತಿ ಉಳಿಸುವ ಸಲುವಾಗಿ 57 ಕಿಲೋ ಹರ್ಟ್ಸ್ ಉಪವಾಹಕವನ್ನು ಪ್ರಸಾರದಲ್ಲಿ ಅಡಗಿಸಿರುತ್ತಾರೆ. ಅದರ ತಾಳ ಸಿಗದೆ ಸಂಕೇತ ಬಿಡಿಸಲಾಗದು. ಪೈಲಟ್ ಸ್ವರ ಇದ್ದಲ್ಲಿ 19ನ್ನು ಮೂರು ಪಟ್ಟು ಮಾಡಿದರೆ 57 ಸಿಗುತ್ತದೆ. ಪೈಲಟ್ ಇಲ್ಲದ ಕೇಂದ್ರವಾದರೆ ಡೇಟಾ ಅಲೆಯಿಂದಲೇ ತಾಳ ಹುಡುಕುವ ವಿಶೇಷ ಮಂಡಲ ಅಥವಾ ಪ್ರೋಗ್ರಾಂ ಬೇಕಾಗುತ್ತದೆ. ಈ ತಾಳದೊಡನೆ ಸಂಕೇತವನ್ನು ಗುಣಿಸಿ ಮತ್ತೆ ಸೋಸಿದರೆ, ನಿಧಾನವಾಗಿ ಮೇಲೆ ಕೆಳಗೆ ಏರಿಳಿಯುವ ಅಲೆ ಉಳಿಯುತ್ತದೆ.

ಹಂತ 4: ಬಿಟ್‌ಗಳ ಗಡಿ ಗುರುತಿಸುವುದು. 57,000ವನ್ನು 48ರಿಂದ ಭಾಗಿಸಿದರೆ 1187.5 ಬರುತ್ತದೆ. ಸೆಕೆಂಡಿಗೆ ಬರುವ ಬಿಟ್‌ಗಳ ಸಂಖ್ಯೆ ಇದೇ. ಆದುದರಿಂದ ಬಿಟ್‌ಗಳ ಗಡಿಯಾರವನ್ನೂ ಅದೇ ವಾಹಕದಿಂದ ಪಡೆಯಬಹುದು. ಮಾದರಿಗಳು 1,71,000 ಇದ್ದಲ್ಲಿ ಒಂದೊಂದು ಬಿಟ್‌ಗೆ ಸರಿಯಾಗಿ 144 ಮಾದರಿಗಳು ಬೀಳುತ್ತವೆ. ಪ್ರತಿ ಬಿಟ್ ಎರಡು ಅರ್ಧಗಳಾಗಿ ಬರುತ್ತದೆ: ಮೊದಲರ್ಧ ಮೇಲೆ, ಎರಡನೆಯರ್ಧ ಕೆಳಗೆ ಇದ್ದರೆ ಒಂದು, ತಿರುವುಮುರುವಾಗಿದ್ದರೆ ಸೊನ್ನೆ. ಮೊದಲರ್ಧದ ಮೊತ್ತದಿಂದ ಎರಡನೆಯರ್ಧದ ಮೊತ್ತವನ್ನು ಕಳೆದರೆ ಉತ್ತರದ ಚಿಹ್ನೆಯೇ ಬಿಟ್ ಯಾವುದೆಂದು ಹೇಳುತ್ತದೆ.

ಹಂತ 5: ತಲೆಕೆಳಗಾದ ದೋಷ ನಿವಾರಣೆ. ವಾಹಕವನ್ನು ಮರಳಿ ಕಟ್ಟುವಾಗ ಅದು ತಲೆಕೆಳಗಾಗಿ ಸಿಗಬಹುದು. ಆಗ ಎಲ್ಲ ಸೊನ್ನೆಗಳು ಒಂದಾಗಿ, ಒಂದುಗಳು ಸೊನ್ನೆಯಾಗಿ ಕಾಣುತ್ತವೆ. ಇದಕ್ಕೆ ಪ್ರಸಾರ ಮಾಡುವವರೇ ಉಪಾಯ ಮಾಡಿರುತ್ತಾರೆ. ಬಿಟ್‌ನ ಬೆಲೆಯನ್ನು ನೇರವಾಗಿ ಕಳುಹಿಸದೆ, ಹಿಂದಿನದಕ್ಕಿಂತ ಬದಲಾಯಿತೇ ಇಲ್ಲವೇ ಎಂಬುದನ್ನು ಕಳುಹಿಸುತ್ತಾರೆ. ಉದಾಹರಣೆಗೆ ಕಳುಹಿಸಬೇಕಾದದ್ದು 1 0 1 1 0 ಇದ್ದರೆ, ಸೊನ್ನೆಯಿಂದ ಆರಂಭಿಸಿ ಗಾಳಿಯಲ್ಲಿ ಹೋಗುವುದು 0 1 1 0 1 1. ಪಕ್ಕಪಕ್ಕದ ಬಿಟ್‌ಗಳನ್ನು ಹೋಲಿಸಿ, ಬೇರೆಯಾಗಿದ್ದರೆ 1, ಒಂದೇ ಆಗಿದ್ದರೆ 0 ಎಂದು ಬರೆದರೆ ಮೊದಲಿನ 1 0 1 1 0 ಮರಳಿ ಬರುತ್ತದೆ. ಎಲ್ಲವೂ ತಲೆಕೆಳಗಾಗಿ 1 0 0 1 0 0 ಎಂದು ಸಿಕ್ಕರೂ ಉತ್ತರ ಅದೇ. ಕಾಗದದ ಮೇಲೆ ಒಮ್ಮೆ ಮಾಡಿ ನೋಡಿದರೆ ಮನದಟ್ಟಾಗುತ್ತದೆ.

ಹಂತ 6: ಸಾಲು ಹಿಡಿಯುವುದು. ಈಗ ಕೈಯಲ್ಲಿರುವುದು ಎಡೆಬಿಡದೆ ಹರಿಯುವ ಸೊನ್ನೆ ಒಂದುಗಳ ಸಾಲು. ಎಲ್ಲಿ ಆರಂಭ, ಎಲ್ಲಿ ಕೊನೆ ಎಂಬ ಗುರುತು ಬೇರೆ ಇಲ್ಲ. 26 ಬಿಟ್‌ಗೆ ಒಂದು ಬ್ಲಾಕ್, ನಾಲ್ಕು ಬ್ಲಾಕ್‌ಗೆ ಒಂದು ಗುಂಪು. ಅಂದರೆ ಗುಂಪಿಗೆ 104 ಬಿಟ್. ಸೆಕೆಂಡಿಗೆ ಸುಮಾರು 11.4 ಗುಂಪುಗಳು ಬರುತ್ತವೆ. ಆರಂಭ ಎಲ್ಲಿ ಎಂಬುದು ಮುಂದೆ ಹೇಳುವ ತಾಳೆಯಿಂದಲೇ ಗೊತ್ತಾಗುತ್ತದೆ.

ತಾಳೆ ನೋಡುವ ಹತ್ತು ಬಿಟ್‌ಗಳು

ಈ ವ್ಯವಸ್ಥೆಯ ಜೀವಾಳ ಇದು. ಅಂಕಿ 4ರ ಸಂಕೇತ 00110100, ಅಂಕಿ 5ರ ಸಂಕೇತ 00110101. ಇವೆರಡರ ನಡುವೆ ಇರುವುದು ಒಂದೇ ಬಿಟ್ ವ್ಯತ್ಯಾಸ. ಮೋಟಾರಿನ ಕಿಡಿಯಿಂದ ಆ ಒಂದು ಬಿಟ್ ಕೆಟ್ಟರೆ ಕ್ವಿಂಟಾಲಿಗೆ 2400 ಎಂದಿದ್ದ ಧಾರಣೆ 2500 ಎಂದು ಕಾಣುತ್ತದೆ. ಅದನ್ನು ನಂಬಿ ಇಪ್ಪತ್ತು ಕ್ವಿಂಟಾಲು ತುಂಬಿಸಿ ಪೇಟೆಗೆ ಹೋದವನಿಗೆ ಲೆಕ್ಕದಲ್ಲಿ ಎರಡು ಸಾವಿರ ರೂಪಾಯಿ ಖೋತಾ. ಬಾಡಿಗೆ, ಹಮಾಲಿ ಬೇರೆ. ಮಾಹಿತಿ ಇಲ್ಲದಿರುವುದಕ್ಕಿಂತ ತಪ್ಪು ಮಾಹಿತಿ ಹೆಚ್ಚು ನಷ್ಟ ತರುತ್ತದೆ.

ಮಂಡಿಯ ಚೀಟಿಯಲ್ಲಿ ಒಂದೊಂದು ಚೀಲದ ತೂಕ ಬರೆದು ಕೆಳಗೆ ಮೊತ್ತ ಹಾಕುತ್ತಾರೆ. ಮನೆಗೆ ಬಂದು ಕೂಡಿ ನೋಡಿದಾಗ ಮೊತ್ತ ತಾಳೆಯಾಗದಿದ್ದರೆ ಎಲ್ಲೋ ತಪ್ಪಿದೆ ಎಂದು ತಿಳಿಯುತ್ತದೆ. ಆರ್.ಡಿ.ಎಸ್. ಬ್ಲಾಕ್‌ನ 26 ಬಿಟ್‌ಗಳಲ್ಲಿ 16 ಮಾತ್ರ ಮಾಹಿತಿ, ಉಳಿದ 10 ಇಂಥ ತಾಳೆಗಾಗಿ ಇರುವವು. ಇಲ್ಲಿ ಲೆಕ್ಕ ಬರಿಯ ಕೂಡಿಕೆಯದಲ್ಲ, ಒಂದು ಗೊತ್ತಾದ ಭಾಜಕದಿಂದ ಭಾಗಿಸಿ ಉಳಿಯುವ ಶೇಷದ್ದು. ಒಂದು ಬ್ಲಾಕ್‌ನಲ್ಲಿ ಒಂದು ಅಥವಾ ಎರಡು ಬಿಟ್ ಕೆಟ್ಟರೆ ತಪ್ಪದೆ ಸಿಕ್ಕಿಬೀಳುತ್ತದೆ. ಒಟ್ಟೊಟ್ಟಿಗೆ ಹತ್ತು ಬಿಟ್‌ಗಳ ಅಳತೆಯೊಳಗೆ ಆದ ಕೆಡುಕೂ ಸಿಕ್ಕಿಬೀಳುತ್ತದೆ. ಐದು ಬಿಟ್‌ಗಳ ಅಳತೆಯೊಳಗಿನ ಕೆಡುಕನ್ನು ತಿದ್ದುವುದೂ ಸಾಧ್ಯ. ಆದರೆ ಧಾರಣೆಯಂಥ ಅಂಕಿಗಳ ವಿಷಯದಲ್ಲಿ ತಿದ್ದಲು ಹೋಗದೆ, ಕೆಟ್ಟ ಬ್ಲಾಕನ್ನು ಬಿಟ್ಟು ಮುಂದಿನ ಸುತ್ತಿಗೆ ಕಾಯುವುದೇ ಲೇಸು. ಒಂದೇ ಸಂದೇಶ ಮತ್ತೆ ಮತ್ತೆ ಬರುತ್ತಿರುತ್ತದೆ.

ತಾಳೆಯ ಬಿಟ್‌ಗಳ ಜೊತೆಗೆ ನಾಲ್ಕು ಬ್ಲಾಕ್‌ಗಳಿಗೂ ಬೇರೆ ಬೇರೆ ಗುರುತು ಬೆರೆಸಿರುತ್ತಾರೆ. ಆದುದರಿಂದ 26 ಬಿಟ್ ಅಗಲದ ಕಿಟಕಿಯನ್ನು ಒಂದೊಂದೇ ಬಿಟ್ ಮುಂದೆ ಸರಿಸುತ್ತಾ ಹೋಗಿ, ಮೊದಲನೆಯ ಬ್ಲಾಕ್‌ನ ಗುರುತು ಕಂಡಾಗ ನಿಲ್ಲಬೇಕು. ಒಂದು ಸಲ ಕಂಡದ್ದು ಆಕಸ್ಮಿಕವಿರಬಹುದು. ಹತ್ತು ಬಿಟ್‌ಗಳಿಗೆ 1024 ಬಗೆಗಳಿರುವುದರಿಂದ ಸಾವಿರ ಸಲ ನೋಡಿದರೆ ಸುಮಾರು ಒಂದು ಸಲ ಹುಸಿ ಗುರುತು ಬರುತ್ತದೆ. ಸರಿಯಾಗಿ 26 ಬಿಟ್ ಮುಂದೆ ಎರಡನೆಯ ಬ್ಲಾಕ್‌ನ ಗುರುತೂ ಕಂಡರೆ ಸಾಲು ಸಿಕ್ಕಿತೆಂದು ತಿಳಿಯಬಹುದು.

ಗುಂಪನ್ನು ಓದುವ ಬಗೆ

ಮೊದಲನೆಯ ಬ್ಲಾಕ್‌ನಲ್ಲಿ ಕೇಂದ್ರದ ಗುರುತು ಸಂಖ್ಯೆ ಇರುತ್ತದೆ. ಎರಡನೆಯದರಲ್ಲಿ ಈ ಗುಂಪು ಯಾವ ಬಗೆಯದು, ಕಾರ್ಯಕ್ರಮ ಯಾವ ಜಾತಿಯದು ಎಂಬ ವಿವರ. ಮೂರು ಮತ್ತು ನಾಲ್ಕನೆಯವು ಗುಂಪಿನ ಬಗೆಗೆ ತಕ್ಕಂತೆ ಬದಲಾಗುತ್ತವೆ. ಮುಖ್ಯವಾದ ಬಗೆಗಳು ಹೀಗಿವೆ:

ಕೇಂದ್ರದ ಹೆಸರು: ಎಂಟು ಅಕ್ಷರ. ಒಂದು ಗುಂಪಿಗೆ ಎರಡರಂತೆ ನಾಲ್ಕು ಗುಂಪುಗಳಲ್ಲಿ ಬರುತ್ತದೆ.

ಬಾನುಲಿ ಬರಹ: 64 ಅಕ್ಷರ. ಒಂದು ಗುಂಪಿಗೆ ನಾಲ್ಕರಂತೆ 16 ಗುಂಪುಗಳಲ್ಲಿ ಬರುತ್ತದೆ. ಸೆಕೆಂಡಿಗೆ ಇಂಥ ಮೂರು ಗುಂಪು ಕಳುಹಿಸಿದರೆ ಪೂರ್ಣ ಬರಹಕ್ಕೆ ಐದು ಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಕಾಲ ಬೇಕು.

ಗಡಿಯಾರ: ನಿಮಿಷಕ್ಕೊಮ್ಮೆ ಬರುತ್ತದೆ. ದಿನಾಂಕವನ್ನು 1858ರ ನವೆಂಬರ್ 17ರಿಂದ ಎಣಿಸಿದ ದಿನಗಳ ಸಂಖ್ಯೆಯಾಗಿ ಕೊಟ್ಟಿರುತ್ತಾರೆ. ಆ ಲೆಕ್ಕದಲ್ಲಿ 1947ರ ಆಗಸ್ಟ್ 15 ಎಂಬುದು 32412ನೇ ದಿನ. ಸ್ಥಳೀಯ ವೇಳೆಯ ಅಂತರ ಅರ್ಧ ಗಂಟೆಗಳ ಲೆಕ್ಕದಲ್ಲಿರುವುದರಿಂದ ಭಾರತಕ್ಕೆ ಅದು 11. ಹನಿ ನೀರಾವರಿಯ ವಾಲ್ವು ತೆರೆಯುವ ಟೈಮರುಗಳ ಗಡಿಯಾರ ಹಿಂದೆ ಮುಂದೆ ಆಗದಂತೆ ನೋಡಿಕೊಳ್ಳಲು ಇದು ಸಹಾಯಕ. ಆದರೆ ಕೆಲವು ಕೇಂದ್ರಗಳ ಗಡಿಯಾರವೇ ತಪ್ಪಿರುವುದುಂಟು. ಒಂದು ವಾರ ಕೈಗಡಿಯಾರದೊಡನೆ ತಾಳೆ ನೋಡಿದ ಮೇಲೆಯೇ ನಂಬಬೇಕು.

ಅಪಾಯದ ಸೂಚನೆ: ಕಾರ್ಯಕ್ರಮದ ಜಾತಿ 31 ಎಂದು ಬಂದರೆ ಅದು ಅಪಾಯದ ಕರೆ. ಕೆಲವು ರೇಡಿಯೋಗಳು ಇದನ್ನು ಕಂಡ ಕೂಡಲೇ ತಾವಾಗಿಯೇ ಧ್ವನಿ ಏರಿಸುತ್ತವೆ. ಬಿರುಗಾಳಿ, ಪ್ರವಾಹಗಳಲ್ಲಿ ಮೊಬೈಲ್ ಗೋಪುರಗಳು ನಿಂತುಹೋದರೂ ದೂರದ ಒಂದು ಎಫ್.ಎಂ. ಗೋಪುರ ಉಳಿದಿದ್ದರೆ ಸಾವಿರಾರು ಮನೆಗಳಿಗೆ ಒಂದೇ ಸಲಕ್ಕೆ ಸುದ್ದಿ ಮುಟ್ಟಿಸಬಹುದು. ಇಲ್ಲಿ ಸಿಮ್ ಬೇಡ, ರೀಚಾರ್ಜ್ ಬೇಡ, ಕೇಳುವವರು ಹೆಚ್ಚಾದರೆ ದಾರಿ ಕಿಕ್ಕಿರಿಯುವುದೂ ಇಲ್ಲ.

ಬೇಕಾಗುವ ಸಾಮಗ್ರಿ

ಯುರೋಪಿನ ಡಿಜಿಟಲ್ ಟೆಲಿವಿಷನ್‌ಗಾಗಿ ತಯಾರಾದ ಆರ್.ಟಿ.ಎಲ್. 2832 ಯು ಎಂಬ ಚಿಪ್ಪಿನ ಅಗ್ಗದ ಯು.ಎಸ್.ಬಿ. ಸಾಧನಗಳು ಸಾಧಾರಣ ರೇಡಿಯೋ ಗ್ರಾಹಕವಾಗಿಯೂ ಕೆಲಸ ಮಾಡುತ್ತವೆ ಎಂಬುದು 2012ರ ಹೊತ್ತಿಗೆ ಹವ್ಯಾಸಿಗಳಲ್ಲಿ ಪ್ರಚಾರಕ್ಕೆ ಬಂತು. ಇದನ್ನು ಕಂಪ್ಯೂಟರಿಗೆ ಜೋಡಿಸಿ, ಉಚಿತವಾಗಿ ದೊರೆಯುವ ರೆಡ್‌ಸೀ ಎಂಬ ಪ್ರೋಗ್ರಾಂ ಬಳಸಿದರೆ ಮೇಲಿನ ಎಲ್ಲ ಹಂತಗಳೂ ತಾವಾಗಿ ನಡೆದು ಗುಂಪುಗಳು ಪರದೆಯ ಮೇಲೆ ಮೂಡುತ್ತವೆ. ಕಂಪ್ಯೂಟರ್ ಬೇಡವೆಂದರೆ ಎಸ್.ಐ. 4703ರಂಥ ಚಿಪ್ಪುಗಳಿವೆ. ಅವು ಒಳಗೇ ತಾಳೆ ನೋಡಿ ಬ್ಲಾಕ್‌ಗಳನ್ನು ಸಣ್ಣ ನಿಯಂತ್ರಕಕ್ಕೆ ಕೊಡುತ್ತವೆ. ಕಲಿಯುವವರು ಮೊದಲು ಚಿಪ್ಪಿನಿಂದ ಆರಂಭಿಸಿ, ಅನಂತರ ಕಂಪ್ಯೂಟರಿನಲ್ಲಿ ಒಂದೊಂದೇ ಹಂತವನ್ನು ಸ್ವತಃ ಬರೆದು ನೋಡುವುದು ಒಳ್ಳೆಯದು.

ಆಂಟೆನಾ ಮತ್ತು ಸ್ಥಳ

ಧ್ವನಿ ಚೆನ್ನಾಗಿ ಕೇಳಿದರೂ ಡೇಟಾ ಬಾರದಿರಬಹುದು. ಸಾಮಾನ್ಯ ಕಾರಣ ಆಂಟೆನಾದ ಕೊರತೆ. 100 ಮೆಗಾ ಹರ್ಟ್ಸ್ ಅಲೆಯ ಉದ್ದ 3 ಮೀಟರ್. ಎರಡು ತಾಮ್ರದ ತಂತಿ ಅಥವಾ ಅಲ್ಯೂಮಿನಿಯಂ ಕೊಳವೆಗಳನ್ನು ತಲಾ 71 ಸೆಂಟಿಮೀಟರಿಗೆ ಕತ್ತರಿಸಿ, ಒಂದೇ ಗೆರೆಯಲ್ಲಿ ಒಂದಕ್ಕೊಂದು ತಾಗದಂತೆ ಮರದ ಪಟ್ಟಿಯ ಮೇಲೆ ಕೂರಿಸಿ, ನಡುವಿನಿಂದ ಕೇಬಲ್ ತೆಗೆದರೆ ಸಾಕಷ್ಟು ಒಳ್ಳೆಯ ಆಂಟೆನಾ ಆಗುತ್ತದೆ. 90.4 ಮೆಗಾ ಹರ್ಟ್ಸ್ ಕೇಂದ್ರಕ್ಕಾದರೆ ತಲಾ 79 ಸೆಂಟಿಮೀಟರ್. ಅಡ್ಡಲಾಗಿಯೂ ನೆಟ್ಟಗೂ ಹಿಡಿದು ನೋಡಿ, ಹೆಚ್ಚು ಬ್ಲಾಕ್‌ಗಳು ತಾಳೆಯಾಗುವ ಸ್ಥಿತಿಯಲ್ಲಿ ಭದ್ರಪಡಿಸಬೇಕು.

ಮಲೆನಾಡಿನಂಥ ಪ್ರದೇಶಗಳಲ್ಲಿ ಗುಡ್ಡಗಳಿಗೆ ತಗುಲಿ ತಿರುಗಿ ಬರುವ ಅಲೆಯು ನೇರ ಬಂದ ಅಲೆಯೊಡನೆ ಬೆರೆತು 57 ಕಿಲೋ ಹರ್ಟ್ಸ್ ಸಾಲನ್ನು ಕೆಡಿಸುತ್ತದೆ. ಆಂಟೆನಾವನ್ನು ಒಂದೆರಡು ಮೀಟರ್ ಸರಿಸಿದರೂ ಗುಣ ಕಾಣಬಹುದು. ಪಂಪ್‌ಸೆಟ್ಟಿನ ಸ್ಟಾರ್ಟರ್, ವಿದ್ಯುತ್ ಬೇಲಿ, ಕಳಪೆ ಎಲ್.ಇ.ಡಿ. ದೀಪಗಳಿಂದ ಆಂಟೆನಾ ದೂರವಿರಲಿ. ಗುಡುಗು ಮಿಂಚಿನ ಸೂಚನೆ ಕಂಡ ಕೂಡಲೇ ಹೊರಗಿನ ಆಂಟೆನಾದ ಕೇಬಲನ್ನು ಕಳಚಿಡಬೇಕು. ವಿದ್ಯುತ್ ತಂತಿಗಳ ಹತ್ತಿರ ಆಂಟೆನಾ ಎತ್ತಲೇಬಾರದು.

ಕನ್ನಡ ಅಕ್ಷರಗಳ ಪ್ರಶ್ನೆ

ಆರ್.ಡಿ.ಎಸ್.ನ ಮೂಲ ಅಕ್ಷರಪಟ್ಟಿಯಲ್ಲಿ ಕನ್ನಡ ಇಲ್ಲ. ಆದುದರಿಂದ ಹಳೆಯ ಪದ್ಧತಿಯಲ್ಲಿ ಕನ್ನಡ ಪದಗಳನ್ನೂ ಇಂಗ್ಲಿಷ್ ಲಿಪಿಯಲ್ಲಿಯೇ ಬರೆಯಬೇಕಾಗುತ್ತದೆ. ಹೊಸ ನಿಯಮಾವಳಿಯಲ್ಲಿ ವಿಸ್ತೃತ ಬಾನುಲಿ ಬರಹಕ್ಕೆ 128 ಬೈಟ್ ಜಾಗವಿದ್ದು, ಎಲ್ಲ ಲಿಪಿಗಳಿಗೂ ಹೊಂದುವ ಯು.ಟಿ.ಎಫ್. 8 ಸಂಕೇತಕ್ಕೆ ಅವಕಾಶವಿದೆ. ಅದರಲ್ಲಿ ಕನ್ನಡದ ಒಂದೊಂದು ಚಿಹ್ನೆಗೆ 3 ಬೈಟ್ ಬೇಕು. 'ರಾಗಿ' ಎಂಬ ಪದದಲ್ಲಿ ಕಣ್ಣಿಗೆ ಎರಡೇ ಅಕ್ಷರವಾದರೂ ರ, ದೀರ್ಘ, ಗ, ಗುಡಿಸು ಎಂದು ನಾಲ್ಕು ಚಿಹ್ನೆಗಳಿರುವುದರಿಂದ 12 ಬೈಟ್ ಹಿಡಿಯುತ್ತದೆ. 128 ಬೈಟ್‌ನಲ್ಲಿ ಇಂಥ 42 ಚಿಹ್ನೆ ಹಿಡಿಸುತ್ತದೆ. ಒಂದು ಬೆಳೆಯ ಹೆಸರು, ಪೇಟೆಯ ಹೆಸರು, ಧಾರಣೆ ಹೇಳಲು ಇಷ್ಟು ಸಾಕು. ಆದರೆ ಕಳುಹಿಸುವ ಕೇಂದ್ರ ಮತ್ತು ಹಿಡಿಯುವ ರೇಡಿಯೋ ಎರಡೂ ಹೊಸ ಪದ್ಧತಿಯವಾಗಿರಬೇಕು. ಹಳೆಯ ಕಾರ್ ರೇಡಿಯೋದಲ್ಲಿ ಇದು ಕಾಣಿಸದು.

ಎಚ್ಚರಿಕೆಗಳು

ಎಲ್ಲ ಕೇಂದ್ರಗಳೂ ಆರ್.ಡಿ.ಎಸ್. ಕಳುಹಿಸುವುದಿಲ್ಲ, ಕಳುಹಿಸುವವರಲ್ಲಿಯೂ ಹಲವರು ಹೆಸರು ಮತ್ತು ಜಾಹೀರಾತಿಗಷ್ಟೇ ಬಳಸುತ್ತಾರೆ. ಸಾಧನ ಕೊಂಡ ಮಾತ್ರಕ್ಕೆ ಧಾರಣೆ, ಹವಾಮಾನ ಬರುತ್ತದೆಂದು ಭಾವಿಸಬಾರದು.

ತಾಳೆಯ ಬಿಟ್‌ಗಳು ದಾರಿಯಲ್ಲಿ ಕೆಟ್ಟದ್ದನ್ನು ಹಿಡಿಯುತ್ತವೆಯೇ ಹೊರತು ಬೇಕೆಂದೇ ಹೇಳಿದ ಸುಳ್ಳನ್ನು ಹಿಡಿಯಲಾರವು. 2007ರಲ್ಲಿ ಇಟಲಿಯ ಇಬ್ಬರು ತಜ್ಞರು, ಕಾರುಗಳ ದಾರಿ ತೋರುವ ಯಂತ್ರಗಳಿಗೆ ಆರ್.ಡಿ.ಎಸ್. ಮೂಲಕ ಹುಸಿ ರಸ್ತೆ ಸುದ್ದಿ ಕಳುಹಿಸಿ ನಂಬಿಸಬಹುದೆಂದು ಪ್ರಯೋಗದಿಂದ ತೋರಿಸಿಕೊಟ್ಟರು. ಮಂಡಿಯ ಚೀಟಿಯಲ್ಲಿ ಮೊತ್ತ ಸರಿಯಾಗಿದ್ದರೂ ತಕ್ಕಡಿಯೇ ಮೋಸದ್ದಿರಬಹುದು. ಹೀಗಾಗಿ ಹಣಕಾಸಿನ ತೀರ್ಮಾನಕ್ಕೆ ಇನ್ನೊಂದು ಮೂಲದಿಂದ ಖಚಿತಪಡಿಸಿಕೊಳ್ಳುವುದು ಅವಶ್ಯ.

ಅನುಮತಿ ಇಲ್ಲದೆ ಎಫ್.ಎಂ. ಪ್ರಸಾರ ಮಾಡುವುದು ಕಾನೂನಿಗೆ ವಿರುದ್ಧ. ಇಲ್ಲಿ ವಿವರಿಸಿರುವುದು ಹಿಡಿಯುವ ಕ್ರಮವನ್ನು ಮಾತ್ರ.

ನೆನಪಿಡಬೇಕಾದ ಅಂಶಗಳು

1. ಸಂಕೇತವನ್ನು ಹೆಡ್‌ಫೋನಿನಿಂದಲ್ಲ, ಎಫ್.ಎಂ. ಬಿಡಿಸಿದ ಕೂಡಲೇ ತೆಗೆಯಬೇಕು.
2. 19, 57, 1187.5 ಈ ಮೂರು ಸಂಖ್ಯೆಗಳ ಸಂಬಂಧ ತಿಳಿದರೆ ಅರ್ಧ ಕೆಲಸ ಮುಗಿದಂತೆ.
3. ಎರಡು ಬ್ಲಾಕ್‌ಗಳ ಗುರುತು ಸರಿಯಾದ ಅಂತರದಲ್ಲಿ ಕಂಡ ಮೇಲೆಯೇ ಸಾಲು ಸಿಕ್ಕಿತೆನ್ನಬೇಕು.
4. ತಾಳೆಯಾಗದ ಅಂಕಿಯನ್ನು ಊಹಿಸಿ ತುಂಬಬಾರದು, ಮುಂದಿನ ಸುತ್ತಿಗೆ ಕಾಯಬೇಕು.
5. ತಾಳೆಯಾದ ಧಾರಣೆಯನ್ನೂ ಗಾಡಿ ಕಟ್ಟುವ ಮೊದಲು ಪೇಟೆಯಲ್ಲಿ ಒಮ್ಮೆ ವಿಚಾರಿಸಬೇಕು.

ನಾರ್ವೆ ದೇಶವು 2017ರಲ್ಲಿ ತನ್ನ ರಾಷ್ಟ್ರೀಯ ವಾಹಿನಿಗಳನ್ನು ಎಫ್.ಎಂ.ನಿಂದ ಪೂರ್ಣ ಡಿಜಿಟಲ್ ಬಾನುಲಿಗೆ ಬದಲಾಯಿಸಿತು. ಪದ್ಧತಿಗಳು ಮುಂದೆಯೂ ಬದಲಾಗುತ್ತಲೇ ಇರುತ್ತವೆ. ಆದರೆ ಜರಡಿ ಹಿಡಿದು, ತಾಳ ಹುಡುಕಿ, ಸಾಲು ಗುರುತಿಸಿ, ತಾಳೆ ನೋಡಿ ನಂಬುವ ಈ ಕ್ರಮವು ಯಾವ ಹೊಸ ಪದ್ಧತಿಗೂ ತಳಹದಿ. ಹಳ್ಳಿಯ ಶಾಲೆಯ ವಿಜ್ಞಾನ ಸಂಘವೊಂದು ಒಂದು ಸಣ್ಣ ಸಾಧನ, ಎರಡು ತುಂಡು ತಂತಿಗಳಿಂದ ಇದನ್ನು ಕಲಿಯಬಹುದು. ಊರಿನ ಸಮುದಾಯ ಬಾನುಲಿಯವರು ಮನಸ್ಸು ಮಾಡಿ ದಿನದ ಧಾರಣೆಯನ್ನೋ ಮಳೆಯ ಮುನ್ಸೂಚನೆಯನ್ನೋ ಈ ಸಾಲಿನಲ್ಲಿ ಬಿತ್ತಲು ಮುಂದಾದರೆ, ಅದನ್ನು ಕೊಯ್ದುಕೊಳ್ಳಲು ಬಲ್ಲವರು ಆಗ ಊರಿನಲ್ಲಿಯೇ ಇರುತ್ತಾರೆ.